ಟರ್ಬೊ ಪೋಕರ್‌ಗೆ ‘ಸೀಕ್ರೆಟ್ ಚಾರ್ಟ್’ ಅಂತ ಮಾರುವವರಿಗೆ ದುಡ್ಡು ಕಳಿಸಬೇಡಿ

ಮೊದಲೇ ಹೇಳಿಬಿಡುತ್ತೇನೆ. ಒಂದೇ ಟೇಬಲಿನ ಟರ್ಬೊ, ಅಂದರೆ ಬೇಗ ಮುಗಿಯುವ, ಪೋಕರ್ ಟೂರ್ನಮೆಂಟ್ ಗೆಲ್ಲೋದು ಕಲಿಸುತ್ತೇವೆ, ನಮ್ಮ ‘ಸೀಕ್ರೆಟ್ ಚಾರ್ಟ್’ ಇದೆ ಅಂತ ಯಾರಾದರೂ ಮೆಸೇಜ್ ಹಾಕಿದರೆ ದುಡ್ಡು ಕಳಿಸಬೇಡಿ. ನಾನು ಕಳಿಸಿದೆ. ಬರೆಯೋಕೂ ನಾಚಿಕೆ ಆಗುತ್ತಿದೆ. ಆದರೆ ಆ ಮನುಷ್ಯ ಇನ್ನೂ ಮಾರುತ್ತಲೇ ಇದ್ದಾನೆ, ಅದಕ್ಕೇ ಬರೆಯುತ್ತಿದ್ದೇನೆ.

ಆಡುವವರಿಗೆ ಈ ಆಟದ ಓಟ ಗೊತ್ತೇ ಇದೆ. ಒಂಬತ್ತು ಸೀಟು ತುಂಬಿದ ಕೂಡಲೇ ಶುರು. ಪ್ರತಿ ಸಲ ಎಲೆ ನೋಡುವ ಮುಂಚೆಯೇ ಇಬ್ಬರು ಕಡ್ಡಾಯವಾಗಿ ಹಾಕಬೇಕಾದ ಪಣ, ಅಂದರೆ ಬ್ಲೈಂಡ್ (ಚಿಕ್ಕದು ಸ್ಮಾಲ್, ದೊಡ್ಡದು ಬಿಗ್), ಐದಾರು ನಿಮಿಷಕ್ಕೊಮ್ಮೆ ಏರುತ್ತದೆ, ಇನ್ನೂ ವೇಗದ ಹೈಪರ್ ಆದರೆ ಎರಡು-ಮೂರು ನಿಮಿಷಕ್ಕೇ. 1500 ಚಿಪ್ಸ್, 10-20 ಬ್ಲೈಂಡ್ ಅಂದರೆ ಶುರುವಿನಲ್ಲಿ ಕೈಯಲ್ಲಿ 75 ಬಿಗ್ ಬ್ಲೈಂಡ್. ಆರಾಮ ಅನ್ನಿಸುತ್ತದೆ. ಸುಮ್ನೆ ಫೋಲ್ಡ್ ಮಾಡುತ್ತಾ, ಅಂದರೆ ಎಲೆ ಬಿಟ್ಟುಕೊಡುತ್ತಾ, ಕೂತರೆ ನೋಡನೋಡುತ್ತಲೇ ಹತ್ತಕ್ಕೆ ಇಳಿದಿರುತ್ತದೆ. ಆಮೇಲೆ ಉಳಿಯೋದು ಎರಡೇ ದಾರಿ: ಆಲ್ ಇನ್ (ಇದ್ದ ಚಿಪ್ಸ್ ಎಲ್ಲಾ ಹಾಕೋದು), ಇಲ್ಲಾಂದ್ರೆ ಫೋಲ್ಡ್. ಹಾಗಾಗಿ ಯಾವ ಎಲೆ ಬಂದರೆ ನುಗ್ಗಬೇಕು, ಯಾವುದಕ್ಕೆ ಕಾಲ್ ಕೊಡಬೇಕು (ಎದುರಿನವನು ಹಾಕಿದಷ್ಟನ್ನೇ ಹಾಕಬೇಕು) ಅನ್ನೋ ಪಟ್ಟಿ ಇದ್ದರೆ ಉಪಯೋಗ ಇದ್ದೇ ಇದೆ. ಅವನು ಹಿಡಿದಿದ್ದೂ ಅದನ್ನೇ.

ಮೊದಲು ಗೆದ್ದ ಸ್ಕ್ರೀನ್‌ಶಾಟ್‌ಗಳು ಬಂದವು. ಮೊದಲ ಸ್ಥಾನ, ಮೊದಲ ಸ್ಥಾನ, ಮತ್ತೆ ಮೊದಲ ಸ್ಥಾನ. ಕಟ್ಟಿದ ಎಂಟ್ರಿ ಫೀ ಎಲ್ಲೂ ಇಲ್ಲ, ಸೋತಿದ್ದು ಎಲ್ಲೂ ಇಲ್ಲ. ಆಗ ಪ್ರತಿ ಮಾತಿಗೂ ‘ಬ್ರೋ’. ‘ಬ್ರೋ, ಯೋಚನೆನೇ ಮಾಡಬೇಡಿ, ಚಾರ್ಟ್ ಹೇಳಿದ್ದು ಮಾಡಿ.’ ದುಡ್ಡು ಹೋಯಿತು, ಫೈಲ್ ಬಂತು.

ಚಾರ್ಟ್ ಹೇಳಿದ ಹಾಗೇ ಆಡಿದೆ. ನಾಲ್ಕನೇ ಸ್ಥಾನ. ಮತ್ತೆ ನಾಲ್ಕು. ಬಹುಮಾನ ಇರೋದು ಮೂವರಿಗೆ ಅಲ್ವಾ? ಬಬಲ್‌ನಲ್ಲೇ, ಅಂದರೆ ಬಹುಮಾನಕ್ಕೆ ಒಂದೇ ಸ್ಥಾನ ಬಾಕಿ ಇರುವಾಗಲೇ, ಹೊರಗೆ ಬೀಳುತ್ತಿದ್ದೆ. ಒಂದು ಆಟ ಮಾತ್ರ ಮರೆಯೋಕೆ ಆಗುತ್ತಿಲ್ಲ. ನಾಲ್ಕು ಜನ ಉಳಿದಿದ್ದೆವು, ಎಲ್ಲರ ಹತ್ತಿರವೂ ಹತ್ತತ್ತು ಬಿಗ್ ಬ್ಲೈಂಡ್. ನಾನು ಬಿಗ್ ಬ್ಲೈಂಡಿನಲ್ಲಿ. ಇಬ್ಬರು ಫೋಲ್ಡ್, ಸ್ಮಾಲ್ ಬ್ಲೈಂಡಿನವನು ಆಲ್ ಇನ್. ನನ್ನ ಕೈಯಲ್ಲಿ ಆಟೀನ್ ರಾಜ, ಕಳಾವರ್ ಒಂಬತ್ತು. ಚಾರ್ಟ್ ನೋಡಿದೆ, ಕಾಲ್ ಅಂತ ಹಸಿರು ಬಣ್ಣದಲ್ಲಿತ್ತು. ಕೊಟ್ಟೆ. ಅವನು ಎಕ್ಕ-ಐದು ತೋರಿಸಿದ. ಬೋರ್ಡಿನಲ್ಲಿ ನನಗೆ ಒಂದು ಎಲೆಯೂ ಕೂಡಲಿಲ್ಲ. ಎದ್ದು ಬಂದೆ.

ಆ ರಾತ್ರಿ ಕೂತು ಹುಡುಕಿದೆ. ಪುಕ್ಕಟೆ ಸಿಗುವ ಒಂದು ನ್ಯಾಶ್ ಚಾರ್ಟ್ (ಎಷ್ಟು ಚಿಪ್ಸ್ ಇದ್ದಾಗ ಯಾವ ಎಲೆಗೆ ನುಗ್ಗಬೇಕು, ಯಾವುದಕ್ಕೆ ಕಾಲ್ ಕೊಡಬೇಕು ಅನ್ನೋ ಲೆಕ್ಕದ ಪಟ್ಟಿ) ಕಣ್ಣಿಗೆ ಬಿತ್ತು. ಎಲ್ಲೋ ನೋಡಿದ ಹಾಗಿದೆಯಲ್ಲ ಅನ್ನಿಸಿ ಪಕ್ಕಪಕ್ಕ ಇಟ್ಟು ನೋಡಿದರೆ ಪ್ರತಿ ಚೌಕದ ಸಂಖ್ಯೆಯೂ ಅದೇ! ಇವನು ಬಣ್ಣ ಬದಲಿಸಿ, ತಲೆಬರಹದ ಸಾಲು ಕತ್ತರಿಸಿ, ತನ್ನ ಲೋಗೊ ಅಂಟಿಸಿದ್ದಾನೆ ಅಷ್ಟೇ. ಕತ್ತರಿಸೋಕೂ ನೆಟ್ಟಗೆ ಬಂದಿಲ್ಲ. ಮೇಲಿನ ಅಂಚಿನಲ್ಲಿ ಹಳೆಯ ಅಕ್ಷರಗಳ ಕೆಳಭಾಗ ಹಾಗೇ ಉಳಿದಿದೆ. ಮೂಲದಲ್ಲಿ ಆ ಸಾಲು ಏನು ಹೇಳುತ್ತಿತ್ತು ಗೊತ್ತಾ? ಕೊನೆಗೆ ಇಬ್ಬರೇ ಉಳಿದಾಗ ಮಾತ್ರ ಬಳಸಬೇಕು ಅಂತ. ಕಾಸು ತಗೊಂಡು ಅದೊಂದು ಸಾಲನ್ನೇ ಕತ್ತರಿಸಿ ಕೊಟ್ಟಿದ್ದಾನೆ!

ಆ ಸಾಲಿನ ಬೆಲೆ ನೋಡಿ. ಇಬ್ಬರೇ ಇದ್ದಾಗ ಆ ಕಾಲ್‌ಗೆ ನೂರಕ್ಕೆ 45 ಸಲ ಗೆದ್ದರೆ ಸಾಕು, ಒಟ್ಟು 20 ಬಿಗ್ ಬ್ಲೈಂಡ್ ಆಗುವ ಪಾಟ್‌ಗೆ (ಗೆದ್ದವನಿಗೆ ಸಿಗುವ ರಾಶಿಗೆ) ನಾವು ಇನ್ನು 9 ಹಾಕುತ್ತೇವೆ ಅಷ್ಟೇ. ನಾಲ್ಕು ಜನ ಇದ್ದು ಬಹುಮಾನ 50-30-20 ಅಂತ ಹಂಚಿದ್ದರೆ ಲೆಕ್ಕವೇ ಬೇರೆ. ಸಮ ಚಿಪ್ಸ್ ಇದ್ದಾಗ ನನ್ನ ಪಾಲು ನೂರಕ್ಕೆ 25. ಕಾಲ್ ಗೆದ್ದು ಚಿಪ್ಸ್ ದುಪ್ಪಟ್ಟಾದರೆ ಪಾಲು 50 ಆಗಲ್ಲ, ಸುಮಾರು 38 ಆಗುತ್ತದೆ. ಸೋತರೆ ಸೊನ್ನೆ. ಅಂದರೆ ಕಾಲ್ ಕೊಡೋಕೆ ನೂರಕ್ಕೆ 65 ಸಲ ಗೆಲ್ಲಬೇಕು. ಬ್ಲೈಂಡಿಗೆ ಆಗಲೇ ಹಾಕಿದ್ದನ್ನು ಲೆಕ್ಕಕ್ಕೆ ಹಿಡಿದರೂ 60ರ ಆಸುಪಾಸು. ಎದುರಿನವನು ಎಲೆ ನೋಡದೆ ನುಗ್ಗಿದ್ದರೂ ರಾಜ-ಒಂಬತ್ತು 60 ಮುಟ್ಟಲ್ಲ. ಚಿಪ್ಸ್ ಅನ್ನು ಬಹುಮಾನದ ಪಾಲಿಗೆ ಬದಲಿಸಿ ನೋಡುವ ಈ ಲೆಕ್ಕಕ್ಕೇ ಐಸಿಎಂ ಅನ್ನೋದು. ಅವನ ಫೈಲಿನಲ್ಲಿ ಆ ಹೆಸರೂ ಇಲ್ಲ.

ಅವನನ್ನೇ ಕೇಳಿದೆ. ಮೊದಲ ಉತ್ತರ: ‘ವೇರಿಯನ್ಸ್ ಬ್ರೋ. ಕೆಲವು ನೂರು ಆಟದಲ್ಲಿ ಏನೂ ಗೊತ್ತಾಗಲ್ಲ.’ ವೇರಿಯನ್ಸ್ ಅಂದರೆ ಅದೃಷ್ಟದ ಏರಿಳಿತ. ಮಾತು ನಿಜ, ಅದೇ ಜಾಸ್ತಿ ಉರಿಸಿದ್ದು. ಹಾಗಾದರೆ ನಿನ್ನ ಸ್ಕ್ರೀನ್‌ಶಾಟ್‌ಗಳಿಂದ ಏನು ಗೊತ್ತಾಗುತ್ತದೆ ಅಂದೆ. ಉತ್ತರ ಇಲ್ಲ. ಇದು ಇಬ್ಬರ ಆಟದ ಚಾರ್ಟ್ ಅಲ್ವಾ ಅಂತ ಎರಡೂ ಫೋಟೊ ಕಳಿಸಿದೆ. ಅಲ್ಲಿಂದ ‘ಬ್ರೋ’ ಹೋಗಿ ‘ಸರ್’ ಬಂತು. ‘ಸ್ಮಾಲ್ ಬ್ಲೈಂಡ್, ಬಿಗ್ ಬ್ಲೈಂಡ್. ಆ ಕೈಯಲ್ಲಿ ಆಡಿದ್ದು ಇಬ್ಬರೇ ತಾನೇ ಸರ್?’ ಎಂಥಾ ಉತ್ತರ ನೋಡಿ! ಉಳಿದಿಬ್ಬರು ಸುಮ್ಮನೆ ಕೂತು ನನ್ನ ಮೂರನೇ ಸ್ಥಾನ ತಗೊಂಡು ಹೋಗುತ್ತಾರಲ್ಲ, ಅವರು ಲೆಕ್ಕಕ್ಕೇ ಇಲ್ಲ.

ಆಮೇಲೆ, ‘ಬಬಲ್ ವಿಷಯ ಅಡ್ವಾನ್ಸ್ ಪ್ಯಾಕಲ್ಲಿದೆ ಸರ್.’ ಅದಕ್ಕೆ ಬೇರೆ ದುಡ್ಡು. ಕೊಟ್ಟಿದ್ದು ವಾಪಸ್ ಕೊಡು ಅಂದಾಗ, ‘ಫೈಲ್ ಓದಿಬಿಟ್ಟಿದ್ದೀರ ಸರ್. ಓದಿದ್ದನ್ನ ನೀವು ವಾಪಸ್ ಕೊಡ್ತೀರಾ?’ ಕೊನೆಗೆ, ‘ತುಂಬಾ ಎಮೋಷನಲ್ ಆಗ್ತಿದ್ದೀರ, ಪೋಕರ್‌ಗೆ ಅದು ಒಳ್ಳೇದಲ್ಲ.’ ನನ್ನ ದುಡ್ಡು ಇಟ್ಟುಕೊಂಡು ನನಗೇ ಬುದ್ಧಿವಾದ.

ನೀವು ಇಷ್ಟು ಮಾಡಿ. ಐಸಿಎಂ ಕ್ಯಾಲ್ಕುಲೇಟರ್ ಪುಕ್ಕಟೆ ಸಿಗುತ್ತದೆ, ನಾಲ್ವರ ಚಿಪ್ಸ್, ಬಹುಮಾನದ ಹಂಚಿಕೆ ಹಾಕಿ ನೀವೇ ನೋಡಿ. ಯಾರಾದರೂ ಕೋಚ್ ಅಂತ ಬಂದರೆ ದುಡ್ಡಿಗೆ ಮುಂಚೆ ಒಂದೇ ಪ್ರಶ್ನೆ ಕೇಳಿ: ನಾಲ್ಕು ಜನ, ಸಮ ಚಿಪ್ಸ್, ಕಾಲ್‌ಗೆ ನೂರಕ್ಕೆ ಎಷ್ಟು ಬೇಕು? ನಮ್ಮವನನ್ನು ಕೇಳಿದ್ದಕ್ಕೆ ‘ಅದು ಫೀಲ್ ಮೇಲೆ ಹೋಗುತ್ತೆ ಸರ್’ ಅಂದ. ಈಗ ಬೇರೆ ಹೆಸರಿಟ್ಟುಕೊಂಡು ಅದೇ ಫೈಲನ್ನು ‘ಹೈಪರ್ ಸ್ಪೆಷಲ್’ ಅಂತ ಮಾರುತ್ತಿದ್ದಾನೆ. ನಿಮಗೂ ಸ್ಯಾಂಪಲ್ ಕಳಿಸಿದರೆ ಮೇಲಿನ ಅಂಚು ದೊಡ್ಡದು ಮಾಡಿ ನೋಡಿ, ಆ ಅರ್ಧ ಅಕ್ಷರಗಳನ್ನು ಇನ್ನೂ ಅಳಿಸಿಲ್ಲ.