ಬ್ಯಾಂಕಾಕ್‌ನಲ್ಲಿ ಯಾರಾದರೂ 'ಅರಮನೆ ಇವತ್ತು ಬಾಗಿಲು ಹಾಕಿದೆ' ಅಂದರೆ ನಂಬಬೇಡಿ

ಬ್ಯಾಂಕಾಕ್‌ಗೆ ಹೊರಟಿರುವವರು ಇದನ್ನು ಓದಿಕೊಂಡು ಹೋಗಿ. ಅದರಲ್ಲೂ ಅಪ್ಪ ಅಮ್ಮನನ್ನೋ ಅತ್ತೆ ಮಾವನನ್ನೋ ಕರೆದುಕೊಂಡು ಹೋಗುವವರು ತಪ್ಪದೆ ಓದಿ. ನಮಗೆ ಆಗಿದ್ದು ಹೊಸ ಮೋಸವೇನಲ್ಲ. ಎಷ್ಟೋ ವರ್ಷದಿಂದ ಅದೇ ಜಾಗದಲ್ಲಿ, ಅದೇ ಮಾತಿನಲ್ಲಿ ನಡೆಯುತ್ತಿದೆ. ನಮಗೆ ಮೊದಲೇ ಒಬ್ಬರು ಹೇಳಿದ್ದರೆ ತೊಂಬತ್ತು ಸಾವಿರ ರೂಪಾಯಿ ಉಳಿಯುತ್ತಿತ್ತು. ಅದಕ್ಕಿಂತ ಹೆಚ್ಚಾಗಿ ನಮ್ಮ ಅತ್ತೆ ನೋಡಬೇಕು ಅಂತ ಆಸೆಪಟ್ಟಿದ್ದನ್ನು ನೋಡಿಕೊಂಡು ಬರುತ್ತಿದ್ದರು.

ಹೋದ ಡಿಸೆಂಬರ್‌ನಲ್ಲಿ ನಾನು, ನಮ್ಮ ಮನೆಯವರು, ಅತ್ತೆ ಮೂವರೂ ಐದು ದಿನಕ್ಕೆ ಹೋಗಿದ್ದೆವು. ಅತ್ತೆಗೆ ಅದು ಮೊದಲ ವಿಮಾನ ಪ್ರಯಾಣ. ಅಲ್ಲಿನ ಗ್ರ್ಯಾಂಡ್ ಪ್ಯಾಲೇಸ್ ಅನ್ನುವ ಅರಮನೆಯ ದೇವಸ್ಥಾನದ ಪ್ರಾಕಾರದ ಸುತ್ತ ರಾಮಾಯಣದ ಚಿತ್ರ ಬರೆದಿದ್ದಾರೆ, ಒಟ್ಟು 178 ಚಿತ್ರ ಇವೆ ಅಂತ ನಾನೇ ಹೇಳಿದ್ದೆ. ಥಾಯ್ ಜನ ಅದನ್ನು ರಾಮಕಿಯನ್ ಅನ್ನುತ್ತಾರೆ. ಅವರ ರಾವಣನ ಹೆಸರು ತೋಸಕನ್, ಅಂದರೆ ನಮ್ಮ ದಶಕಂಠ. ಮೈರಾವಣನ ಕಥೆಯೂ ಅಲ್ಲಿದೆ. ನಮ್ಮ ಕಡೆ ಹೇಳುವ ಕಥೆಯಲ್ಲಿ ಹನುಮಂತ ಬಾಲ ಸುತ್ತಿ ಕೋಟೆ ಕಟ್ಟಿ ರಾಮನನ್ನು ಕಾಯುತ್ತಾನೆ. ಅವರ ಕಥೆಯಲ್ಲಿ ರಾಮ ಮಲಗಿದ ಮಂಟಪವನ್ನೇ ಬಾಯಲ್ಲಿ ಇಟ್ಟುಕೊಂಡು ಕೂರುತ್ತಾನೆ. ಚಿಕ್ಕ ವಯಸ್ಸಿನಲ್ಲಿ ಊರಲ್ಲಿ ರಾತ್ರಿಯಿಡೀ ಬಯಲಾಟ ನೋಡಿದವರು ಅತ್ತೆ. ಇದನ್ನು ಕೇಳಿದಾಗಿನಿಂದ 'ಆ ಚಿತ್ರ ತೋರಿಸು, ಬೇರೆ ಏನೂ ಬೇಡ' ಅನ್ನುತ್ತಿದ್ದರು.

ನಾಲ್ಕನೇ ದಿನ ಬೆಳಿಗ್ಗೆ ಎಂಟಕ್ಕೇ ವಾಟ್ ಫೋ ದೇವಸ್ಥಾನಕ್ಕೆ ಹೋದೆವು. ಮಲಗಿದ ಬುದ್ಧ ಇರುವುದು ಅಲ್ಲೇ. 46 ಮೀಟರ್ ಉದ್ದ, 15 ಮೀಟರ್ ಎತ್ತರ. ಗೋಡೆ ಪಕ್ಕ ಸಾಲಾಗಿ 108 ಕಂಚಿನ ಬಟ್ಟಲು ಇಟ್ಟಿದ್ದಾರೆ. ಚಿಲ್ಲರೆ ತೆಗೆದುಕೊಂಡು ಒಂದೊಂದಕ್ಕೂ ಒಂದೊಂದು ನಾಣ್ಯ ಹಾಕುತ್ತಾ ಹೋಗಬೇಕು. ಅತ್ತೆ ಒಂದೂ ಬಿಡದೆ ಹಾಕಿದರು. ಟಿಣ್ ಟಿಣ್ ಅಂತ ಆ ಹಾಲ್ ತುಂಬ ಅದೇ ಸದ್ದು. ಅಲ್ಲಿಂದ ಅರಮನೆಗೆ ನಡೆದೇ ಹೋಗಬಹುದು ಅಂತ ಹೊರಟೆವು.

ಮೋಸ ಹೇಗೆ ನಡೆಯುತ್ತದೆ ಅನ್ನುವುದು ಇಲ್ಲಿ ಅರ್ಥ ಮಾಡಿಕೊಳ್ಳಿ. ಅರಮನೆಯ ಸುತ್ತಲ ಬಿಳಿ ಗೋಡೆ ಸುಮಾರು ಎರಡು ಕಿಲೋಮೀಟರ್ ಉದ್ದ ಇದೆ. ಅದರಲ್ಲಿ ಬಾಗಿಲುಗಳು ಬಹಳ. ಪ್ರವಾಸಿಗರನ್ನು ಒಳಗೆ ಬಿಡುವುದು ಉತ್ತರ ದಿಕ್ಕಿನ ಒಂದೇ ಬಾಗಿಲಿನಲ್ಲಿ. ವಾಟ್ ಫೋ ಇರುವುದು ದಕ್ಷಿಣಕ್ಕೆ. ಅಲ್ಲಿಂದ ಹೋಗುವವರಿಗೆ ಮೊದಲು ಸಿಗುವುದೆಲ್ಲ ಮುಚ್ಚಿದ ಬಾಗಿಲುಗಳೇ. ಮುಂದೆ ಪಹರೆಯವರು ಬೇರೆ ನಿಂತಿರುತ್ತಾರೆ. ಆ ಬಾಗಿಲ ಹತ್ತಿರ ಯಾರಾದರೂ ಬಂದು 'ಇವತ್ತು ಕ್ಲೋಸ್' ಅಂದರೆ ಕಣ್ಣೆದುರಿಗೆ ಬಾಗಿಲು ಮುಚ್ಚಿಯೇ ಇರುತ್ತದೆ, ಅಲ್ವಾ? ನಂಬದೆ ಏನು ಮಾಡುತ್ತೀರಿ?

ನಮಗೆ ಸಿಕ್ಕವನು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದ. ಕುತ್ತಿಗೆಯಲ್ಲಿ ಗುರುತಿನ ಚೀಟಿ ನೇತಾಡುತ್ತಿತ್ತು. ಕೈ ಮುಗಿದು 'ನಮಸ್ತೆ' ಅಂದ. 'ಬೆಳಿಗ್ಗೆ ಭಿಕ್ಷುಗಳ ಪೂಜೆ ಇದೆ. ಮಧ್ಯಾಹ್ನ ಒಂದು ಗಂಟೆಯ ಮೇಲೆ ಪ್ರವಾಸಿಗರಿಗೆ ಬಿಡುತ್ತಾರೆ. ಅಲ್ಲಿವರೆಗೆ ಅಮ್ಮನನ್ನು ಬಿಸಿಲಲ್ಲಿ ಯಾಕೆ ನಿಲ್ಲಿಸುತ್ತೀರಿ?' ಅಂತ ಇಂಗ್ಲಿಷಿನಲ್ಲಿ ಕೇಳಿದ. ನಮ್ಮ ಕೈಲಿದ್ದ ಮ್ಯಾಪ್ ತೆಗೆದುಕೊಂಡು ಪೆನ್ನಿನಲ್ಲಿ ಮೂರು ಕಡೆ ಸೊನ್ನೆ ಸುತ್ತಿದ. ಎರಡು ದೇವಸ್ಥಾನ, ಒಂದು 'ಸರ್ಕಾರಿ ಎಕ್ಸ್‌ಪೋರ್ಟ್ ಸೆಂಟರ್'. ಆ ಸೆಂಟರ್‌ನಲ್ಲಿ ಇವತ್ತೇ ಕೊನೆ ದಿನ ಅಂದ. ಅಷ್ಟರಲ್ಲಿ ಒಂದು ಟುಕ್‌ಟುಕ್, ಅಂದರೆ ಅಲ್ಲಿನ ಆಟೊ, ಬಂದು ನಿಂತಿತು. ಮೂರೂ ಕಡೆ ಸುತ್ತಿಸಿ ವಾಪಸ್ ತಂದುಬಿಡಲು ಮೂವರಿಗೂ ಸೇರಿ 40 ಬಾತ್. ಅತ್ತೆಗೆ ಮಂಡಿ ನೋವು. ನಾವು ಹತ್ತಿಬಿಟ್ಟೆವು.

40 ಬಾತ್ ಅಂದರೆ ನೂರು ರೂಪಾಯಿಯ ಆಸುಪಾಸು. ಅಲ್ಲಿ ಮೀಟರ್ ಟ್ಯಾಕ್ಸಿ ಶುರುವಾಗುವುದೇ 35 ಬಾತ್‌ನಿಂದ. ಅಷ್ಟು ಕಡಿಮೆಗೆ ಅರ್ಧ ದಿನ ಯಾರೂ ಸುಮ್ನೆ ಸುತ್ತಿಸುವುದಿಲ್ಲ. ಅಂಗಡಿಗೆ ಗಿರಾಕಿ ಕರೆತಂದರೆ ಡ್ರೈವರ್‌ಗೆ ಪೆಟ್ರೋಲ್ ಕೂಪನ್ ಸಿಗುತ್ತದೆ, ಮಾರಾಟವಾದರೆ ಕಮಿಷನ್ ಸಿಗುತ್ತದೆ. ಇದು ನಮಗೆ ಗೊತ್ತಾಗಿದ್ದು ಆಮೇಲೆ.

ಮೊದಲನೆಯದು ಚಿಕ್ಕ ದೇವಸ್ಥಾನ, ಒಳಗೆ ಜನವೇ ಇಲ್ಲ. ಮೂಲೆಯಲ್ಲಿ ಒಬ್ಬರು ವಯಸ್ಸಾದವರು ಕಣ್ಣು ಮುಚ್ಚಿ ಕೂತಿದ್ದರು. ಐದು ನಿಮಿಷ ಬಿಟ್ಟು ಅವರೇ ಮಾತಿಗೆ ಬಂದರು. ಯಾವ ಊರು ಅಂದರು. ಬೆಂಗಳೂರು ಅಂದೆವು, ಅಷ್ಟು ದೂರದಲ್ಲಿ ದಾವಣಗೆರೆ ಅಂದರೆ ಯಾರಿಗೆ ಗೊತ್ತಾಗಬೇಕು. 'ಓ, ನನ್ನ ಅಕ್ಕನ ಮಗ ಬೆಂಗಳೂರಲ್ಲೇ ಓದಿದ್ದು' ಅಂದರು. ಆಮೇಲೆ ಮಾತು ಮೆಲ್ಲಗೆ ಹರಳಿನ ಕಡೆ ತಿರುಗಿತು. ಮಗಳ ಮದುವೆಗೆ ಎಕ್ಸ್‌ಪೋರ್ಟ್ ಸೆಂಟರ್‌ನಲ್ಲೇ ಕೊಂಡರಂತೆ. ತೆರಿಗೆ ಇಲ್ಲವಂತೆ. ಬೇರೆ ದೇಶದಲ್ಲಿ ಮಾರಿದರೆ ದುಪ್ಪಟ್ಟು ಬರುತ್ತದಂತೆ. ಬೀದಿಯಲ್ಲಿ ಒಬ್ಬ ಹೇಳಿದ್ದನ್ನೇ ದೇವಸ್ಥಾನದಲ್ಲಿ ಇನ್ನೊಬ್ಬರು ತಾವಾಗಿಯೇ ಹೇಳಿದರೆ ಮನಸ್ಸಿಗೆ ಅದು ನಿಜ ಅನ್ನಿಸಿಬಿಡುತ್ತದೆ. ಇಬ್ಬರೂ ಒಂದೇ ಗುಂಪಿನವರು ಅಂತ ಆಗ ಹೊಳೆಯಲೇ ಇಲ್ಲ.

ಅಂಗಡಿ ದೊಡ್ಡದು. ಎಸಿ, ಕುಡಿಯಲು ತಣ್ಣನೆ ಜ್ಯೂಸ್, ಕೂರಲು ಸೋಫಾ. ಮೊದಲು ನೀಲದ ಉಂಗುರ ತೋರಿಸಿದರು. ಅತ್ತೆ ಮುಟ್ಟಲಿಲ್ಲ. 'ನೀಲ ಎಲ್ಲರಿಗೂ ಆಗಿಬರಲ್ಲಪ್ಪ, ಶನಿ ಹರಳು ಅದು' ಅಂದರು. ಅಲ್ಲಿಗೆ ಎದ್ದು ಬಂದಿದ್ದರೆ ಚೆನ್ನಾಗಿತ್ತು. ಆಮೇಲೆ ಕೆಂಪು ತೆಗೆದರು. ಏಳು ಹರಳಿನ ಕೆಂಪಿನ ಓಲೆ, ಜೊತೆಗೊಂದು ಉಂಗುರ.

ಇಲ್ಲಿ ಒಂದು ಮನೆ ವಿಷಯ ಹೇಳಬೇಕು. ಅತ್ತೆಗೆ ತವರಿನಿಂದ ಬಂದ ಕೆಂಪಿನ ಓಲೆ ಇತ್ತು. ನಮ್ಮ ಮನೆಯವರ ಇಂಜಿನಿಯರಿಂಗ್ ಫೀಸಿಗೆ ಅದನ್ನು ಮಾರಿದ್ದರು. ಅವರು ಅದನ್ನು ಯಾವತ್ತೂ ಬಾಯಿಬಿಟ್ಟು ಹೇಳಿಲ್ಲ, ಆದರೆ ಮಗನಿಗೆ ಮರೆತಿಲ್ಲ. ಅತ್ತೆ ಕನ್ನಡಿ ಮುಂದೆ ಆ ಓಲೆ ಕಿವಿಗೆ ಹಿಡಿದುಕೊಂಡು ಸುಮ್ಮನೆ ನೋಡಿಕೊಂಡರು. ಅಷ್ಟೇ. ನಾನು 'ರೀ, ಒಂದು ಸಲ ಯೋಚನೆ ಮಾಡಿ' ಅನ್ನುವಷ್ಟರಲ್ಲಿ ಇವರು ಕಾರ್ಡ್ ತೆಗೆದಿದ್ದರು. 38,000 ಬಾತ್. ಥಾಯ್‌ಲ್ಯಾಂಡ್ ಕೆಂಪಿಗೆ ಹೆಸರಾದ ದೇಶ, ಚಾಂತಬುರಿ ಊರಿನ ಹರಳಿನ ಪೇಟೆ ಬಗ್ಗೆ ಕೇಳಿದ್ದೆವು. ಹಾಗಾಗಿ ಅನುಮಾನವೂ ಜಾಸ್ತಿ ಬರಲಿಲ್ಲ.

ಹೊರಗೆ ಬಂದರೆ ಟುಕ್‌ಟುಕ್ ಇಲ್ಲ. ತನ್ನ 40 ಬಾತ್ ಕೂಡ ಇಸಿದುಕೊಳ್ಳದೆ ಅವನು ಹೊರಟುಹೋಗಿದ್ದ. ನನ್ನ ಎದೆ ಧಸಕ್ ಅಂದಿದ್ದು ಆಗಲೇ. ಟ್ಯಾಕ್ಸಿ ಹಿಡಿದು, ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡು ಅರಮನೆ ಮುಟ್ಟಿದಾಗ ಮೂರೂ ಮುಕ್ಕಾಲು. ಟಿಕೆಟ್ ಕೊಡುವುದು ಮೂರೂವರೆವರೆಗೆ ಮಾತ್ರ. ಜನ ಗುಂಪು ಗುಂಪಾಗಿ ಹೊರಗೆ ಬರುತ್ತಿದ್ದರು. ಕಾವಲಿನ ಹುಡುಗನನ್ನು ಕೇಳಿದೆ. ಬೆಳಿಗ್ಗೆ ಎಂಟೂವರೆಯಿಂದ ತೆರೆದೇ ಇತ್ತು ಅಂದ. ಮರುದಿನ ಬೆಳಿಗ್ಗೆ ನಮ್ಮ ವಿಮಾನ. ಅತ್ತೆ ಗೋಡೆಯಾಚೆ ಕಾಣುವ ಚಿನ್ನದ ಬಣ್ಣದ ಗೋಪುರಕ್ಕೆ ಅಲ್ಲಿಂದಲೇ ಕೈ ಮುಗಿದರು. 'ಇರಲಿ ಬಿಡು, ಇಷ್ಟಾದರೂ ಕಂಡಿತಲ್ಲ' ಅಂದರು. ನನಗೆ ಈಗಲೂ ಸಂಕಟವಾಗುವುದು ಅದಕ್ಕೆ.

ಊರಿಗೆ ಬಂದ ಮೇಲೆ ಓಲೆಯನ್ನು ನಮ್ಮ ಅಕ್ಕಸಾಲಿಗರಿಗೆ ತೋರಿಸಿದೆವು. ಅವರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಒಂದೊಂದೇ ಹರಳನ್ನು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ನನ್ನ ಕೈಗೂ ಕೊಟ್ಟು 'ನೋಡಮ್ಮ' ಅಂದರು. ಒಳಗೆ ಸಣ್ಣ ಸಣ್ಣ ಗುಳ್ಳೆ, ಬಾಗಿದ ಗೆರೆಗಳು, ಹಳೇ ಗ್ರಾಮಫೋನ್ ತಟ್ಟೆಯ ಮೇಲೆ ಇರುತ್ತವಲ್ಲ ಹಾಗೆ. ಭೂಮಿಯಲ್ಲಿ ಬೆಳೆದ ಕೆಂಪಿನಲ್ಲಿ ಗೆರೆ ಇದ್ದರೆ ನೆಟ್ಟಗಿರುತ್ತವೆ, ಹೀಗೆ ಬಾಗುವುದು ಬೆಂಕಿಯಲ್ಲಿ ಕರಗಿಸಿ ಮಾಡಿದ ಹರಳಿನಲ್ಲಿ ಅಂದರು. ಚಿನ್ನವೂ ಕಡಿಮೆ ಕ್ಯಾರೆಟ್‌ದು. ಎಲ್ಲ ಸೇರಿ ಎಂಟು ಹತ್ತು ಸಾವಿರಕ್ಕಿಂತ ಜಾಸ್ತಿ ಬಾಳುವುದಿಲ್ಲ. ಕಾರ್ಡ್ ಕೊಟ್ಟ ಬ್ಯಾಂಕಿಗೆ ದೂರು ಕೊಟ್ಟೆವು. ನೀವೇ ಸಹಿ ಹಾಕಿ ಕೊಂಡಿದ್ದೀರಿ, ವಸ್ತುವೂ ಕೈಗೆ ಬಂದಿದೆ ಅಂದರು.

ಈಗ ನೀವು ಏನು ಮಾಡಬೇಕು ಅನ್ನುವುದನ್ನು ಹೇಳುತ್ತೇನೆ. ಅರಮನೆಗೆ ಹೋಗುವ ಬಾಗಿಲಿನ ಹೆಸರು ವಿಸೆತ್ ಚೈಸಿ, ಇರುವುದು ನಾ ಫ್ರಾ ಲಾನ್ ರಸ್ತೆಯಲ್ಲಿ, ದೊಡ್ಡ ಸನಮ್ ಲುವಾಂಗ್ ಮೈದಾನದ ಎದುರು. ಮ್ಯಾಪ್‌ನಲ್ಲಿ ಆ ಬಾಗಿಲನ್ನೇ ಹಾಕಿಕೊಂಡು ಹೋಗಿ. ದಾರಿಯಲ್ಲಿ ಯಾರು ಏನೇ ಹೇಳಲಿ, ಅಲ್ಲಿವರೆಗೆ ನಡೆದು ಹೋಗಿ ಟಿಕೆಟ್ ಕೌಂಟರ್‌ನಲ್ಲೇ ಕೇಳಿ. ವಯಸ್ಸಾದವರಿದ್ದರೆ ನದಿಯ ಬೋಟ್ ಹಿಡಿದು ಥಾ ಚಾಂಗ್ ಕಟ್ಟೆಯಲ್ಲಿ ಇಳಿಯಿರಿ, ಬಾಗಿಲು ಅಲ್ಲಿಂದ ಹತ್ತಿರ. ರಾಜಮನೆತನದ ಸಮಾರಂಭ ಇದ್ದ ದಿನ ಮಾತ್ರ ಕೆಲವೊಮ್ಮೆ ಮುಚ್ಚುತ್ತಾರೆ, ಅದು ಅರಮನೆಯ ವೆಬ್‌ಸೈಟ್‌ನಲ್ಲೇ ಇರುತ್ತದೆ. ಹೋಟೆಲ್‌ನಿಂದ ಹೊರಡುವ ಮೊದಲು ನೋಡಿಕೊಳ್ಳಿ. ನಾವು ಹೋದಾಗ ಟಿಕೆಟ್ 500 ಬಾತ್ ಇತ್ತು. ಮಂಡಿ ಮುಚ್ಚುವ ಬಟ್ಟೆ ಇರಬೇಕು, ತೋಳಿಲ್ಲದ ಅಂಗಿ ನಡೆಯುವುದಿಲ್ಲ.

ಥಾಯ್ ಸರ್ಕಾರ ಹರಳಿನ ಅಂಗಡಿ ನಡೆಸುವುದಿಲ್ಲ. 'ಸರ್ಕಾರಿ ಮಾರಾಟ', 'ಇವತ್ತೇ ಕೊನೆ', 'ನಿಮ್ಮೂರಲ್ಲಿ ದುಪ್ಪಟ್ಟು', ಈ ಮೂರರಲ್ಲಿ ಒಂದು ಕಿವಿಗೆ ಬಿದ್ದರೂ ಎದ್ದು ಬನ್ನಿ. ಹರಳನ್ನು ಪೋಸ್ಟ್‌ನಲ್ಲಿ ಮನೆಗೇ ಕಳಿಸುತ್ತೇವೆ ಅನ್ನುವವರೂ ಇದ್ದಾರೆ. ನೀವು ಊರು ಬಿಡುವವರೆಗೆ ಪರೀಕ್ಷೆ ಮಾಡಿಸಬಾರದು ಅಂತಲೇ ಆ ಉಪಾಯ. ಕೊಳ್ಳಲೇಬೇಕು ಅನ್ನಿಸಿದರೆ ಸೀಲೋಮ್ ಕಡೆ ಜಿಐಟಿ ಅನ್ನುವ ಸರ್ಕಾರಿ ಪರೀಕ್ಷಾ ಸಂಸ್ಥೆ ಇದೆ. ಅಲ್ಲಿಯ ಸರ್ಟಿಫಿಕೇಟ್ ಕೇಳಿ, ಕೊಡದಿದ್ದರೆ ದುಡ್ಡು ಬಿಚ್ಚಬೇಡಿ.

ಮೋಸ ಹೋದಿರಿ ಅಂತ ಅಲ್ಲಿರುವಾಗಲೇ ಗೊತ್ತಾದರೆ ನಾಚಿಕೆ ಪಡಬೇಡಿ. ಟೂರಿಸ್ಟ್ ಪೊಲೀಸ್ ನಂಬರ್ 1155, ಇಂಗ್ಲಿಷಿನಲ್ಲಿ ಮಾತಾಡುತ್ತಾರೆ. ಬಿಲ್ ಹಿಡಿದು ಅವರ ಹತ್ತಿರ ಹೋಗಿ. ಊರಿಗೆ ಬಂದ ಮೇಲೆ ನಮ್ಮ ಹಾಗೆ ಕೈ ಹಿಸುಕಿಕೊಳ್ಳುವುದೊಂದೇ ಉಳಿಯುತ್ತದೆ.

ಬೋಟ್ ವಿಷಯದಲ್ಲೂ ಹುಷಾರು. ಟುಕ್‌ಟುಕ್‌ನವರು ಯಾವುದೋ ಖಾಸಗಿ ಕಟ್ಟೆಗೆ ಕರೆದುಕೊಂಡು ಹೋಗಿ ಒಬ್ಬೊಬ್ಬರಿಗೆ ಸಾವಿರಗಟ್ಟಲೆ ಬಾತ್ ಕೇಳಿಸುತ್ತಾರೆ. ಸಾಮಾನ್ಯ ಜನ ಓಡಾಡುವ ಕಿತ್ತಳೆ ಬಾವುಟದ ಬೋಟ್‌ಗೆ ನಾವು ಕೊಟ್ಟಿದ್ದು 16 ಬಾತ್. ಥಾ ತಿಯನ್ ಕಟ್ಟೆಯಿಂದ ಆಚೆ ದಡದ ವಾಟ್ ಅರುಣ್ ದೇವಸ್ಥಾನಕ್ಕೆ ದಾಟಲು 5 ಬಾತ್. ಆ ಜನ ಒಳ್ಳೆಯವರು. ಬೋಟ್‌ನಲ್ಲಿ ಒಬ್ಬ ಹುಡುಗಿ ಅತ್ತೆಗೆ ಜಾಗ ಬಿಟ್ಟು ತಾನು ನಿಂತುಕೊಂಡು ಬಂದಳು. ಊರಿನ ಮೇಲೆ ನಮಗೆ ಸಿಟ್ಟಿಲ್ಲ.

ನನ್ನ ತಂಗಿ ಮುಂದಿನ ತಿಂಗಳು ಮಕ್ಕಳ ಜೊತೆ ಹೋಗುತ್ತಿದ್ದಾಳೆ. ಬಾಗಿಲಿನ ಹೆಸರು, 1155, ಎಲ್ಲ ಒಂದು ಚೀಟಿಯಲ್ಲಿ ಬರೆದುಕೊಟ್ಟಿದ್ದೇನೆ. ಅರಮನೆಯ ಬುದ್ಧನ ಗುಡಿಯ ಒಳಗೆ ಫೋಟೊ ತೆಗೆಯಲು ಬಿಡುವುದಿಲ್ಲ, ಪ್ರಾಕಾರದ ಚಿತ್ರಗಳನ್ನು ತೆಗೆಯಬಹುದು. ಮಂಟಪವನ್ನು ಬಾಯಲ್ಲಿ ಇಟ್ಟುಕೊಂಡು ಕೂತ ಹನುಮಂತನನ್ನು ಹುಡುಕಿ ತೆಗೆದುಕೊಂಡು ಬಾ, ದೊಡ್ಡದಾಗಿ ಪ್ರಿಂಟ್ ಹಾಕಿಸೋಣ ಅಂತ ಅತ್ತೆ ಹೇಳಿ ಕಳಿಸಿದ್ದಾರೆ.