ಸಿಪಿಸಿಆರ್‌ಐ ವಿಧಾನದ ತೆಂಗಿನ ಸಕ್ಕರೆ: ತಗೊಳ್ಳಿ, ಆದರೆ ಡಬ್ಬಿಗೆ ಹಾಕಿಡಿ

ಬದಿಯಡ್ಕದ ಅಂಗಡಿಯಲ್ಲಿ ಸಿಕ್ಕಿತು. ಕಾಸರಗೋಡಿನ ಸಿಪಿಸಿಆರ್‌ಐಯಿಂದ (ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ಲೈಸೆನ್ಸ್ ಪಡೆದ ಸಣ್ಣ ಕಂಪನಿಯೊಂದರ ತೆಂಗಿನ ಸಕ್ಕರೆ. ರಾಗಿ ಮಣ್ಣಿ ಎಂಬ ತಿನಿಸಿಗೆ ಹಾಕಿದೆವು, ಬೆಲ್ಲದಷ್ಟು ಗಾಢವಲ್ಲ, ಆದರೆ ಒಳ್ಳೆ ಪರಿಮಳ. ಹುಳಿ ವಾಸನೆ ಸ್ವಲ್ಪವೂ ಇಲ್ಲ.

ಅದಕ್ಕೆ ಕಾರಣ ರಸ ಇಳಿಸುವ ರೀತಿ. ಹೊಂಬಾಳೆಯ ರಸವನ್ನು ಮಡಕೆಯಲ್ಲಿ ಹಿಡಿದರೆ ಬೇಗ ಹುಳಿ ಬಂದು ಕಳ್ಳಾಗುತ್ತದೆ, ಇರುವೆ, ಕಸ ಬೀಳುವುದು ಬೇರೆ. ಸಂಸ್ಥೆಯವರು ರೂಪಿಸಿದ ಪೆಟ್ಟಿಗೆಯೊಳಗೆ ಐಸ್ ಇರುತ್ತದೆ, ರಸ ತಣ್ಣಗೇ ಇಳಿಯುತ್ತದೆ. ಇದಕ್ಕೆ ಕಲ್ಪರಸ ಎಂದು ಹೆಸರು. ಕಾಯಿಸಿದರೆ ಸಕ್ಕರೆ, ಹುಳಿ ತಡೆಯಲು ಸುಣ್ಣವೂ ಬೇಡ, ಕೆಮಿಕಲ್ಲೂ ಬೇಡ.

ಬೇಸರ ಪ್ಯಾಕೆಟ್‌ನದು. ಜಿಪ್ ಸರಿಯಾಗಿ ಕೂರುವುದಿಲ್ಲ, ನಮ್ಮ ಮಳೆಗಾಲದಲ್ಲಿ ಸಕ್ಕರೆ ಗಟ್ಟಿ ಉಂಡೆಯಾಯಿತು. ಬೆಲೆಯೂ ಜಾಸ್ತಿ. ಲ್ಯಾಬಿನಲ್ಲಿ ಇಷ್ಟು ಕಷ್ಟಪಟ್ಟು ಕಂಡುಹಿಡಿದದ್ದು ಹೀಗೆ ಪ್ಯಾಕೆಟ್‌ನಲ್ಲಿ ಹಾಳಾಗಬಾರದು ಅಲ್ವಾ? ಲೈಸೆನ್ಸ್ ಕೊಡುವಾಗಲೇ ಪ್ಯಾಕಿಂಗ್, ಮಾರಾಟ ಎರಡನ್ನೂ ಹೊಸಬರಿಗೆ ಕೈಹಿಡಿದು ಕಲಿಸಬೇಕು. ಆಗ ತೆಂಗಿನ ತೋಟದವರಿಗೆ ಬರೀ ಕಾಯಿಯ ದರ ನಂಬಿ ಕೂರುವುದು ತಪ್ಪುತ್ತದೆ. ನಾನಂತೂ ಇನ್ನೊಂದು ಪ್ಯಾಕೆಟ್ ತರುತ್ತೇನೆ.