ಫೈಲ್‌ಝಿಲ್ಲಾ ಜೊತೆ ಆರು ವರ್ಷ: ನೂರಕ್ಕೆ ನೂರು ತಲುಪಿ ಸೋಲುತ್ತಿದ್ದ ಅಪ್‌ಲೋಡ್

ನಾನು ಕಲಬುರಗಿಯಲ್ಲಿ ಮದುವೆಗಳ ವಿಡಿಯೊ ಮಾಡುತ್ತೇನೆ. ಸಂಕಲನ ಮಾಡುವ ಹುಡುಗ ಯಾದಗಿರಿಯವನು, ಈಗ ಬೆಂಗಳೂರಿನಲ್ಲಿದ್ದಾನೆ. ಮೊದಲೆಲ್ಲ ಹಾರ್ಡ್ ಡಿಸ್ಕನ್ನು ಬಟ್ಟೆಯಲ್ಲಿ ಸುತ್ತಿ ರಾತ್ರಿ ಬಸ್ಸಿಗೆ ಕೊಡುತ್ತಿದ್ದೆ. ಬೆಳಗಾಗುವವರೆಗೆ ನಿದ್ದೆ ಇರುತ್ತಿರಲಿಲ್ಲ. ಒಬ್ಬರ ಮಗಳ ಮದುವೆ ಆ ಡಬ್ಬಿಯಲ್ಲಿ ಹೋಗುತ್ತಿತ್ತು. ಆ ಭಯ ಬಿಡಿಸಿದ್ದು ಇಂಟರ್‌ನೆಟ್ ಮೂಲಕ ಫೈಲು ಕಳಿಸುವ ತಂತ್ರಾಂಶವಾದ ಫೈಲ್‌ಝಿಲ್ಲಾ. ಹಣ ಕೊಡಬೇಕಿಲ್ಲ, ಹಳೆಯ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. 2001ರಲ್ಲಿ ಟಿಮ್ ಕೋಸೆ ಮತ್ತು ಇಬ್ಬರು ಸಹಪಾಠಿಗಳು ತರಗತಿಯ ಕೆಲಸವಾಗಿ ಶುರು ಮಾಡಿದ ತಂತ್ರಾಂಶ ಇದು. ಅದರ ಉಳಿದ ವಿವರಗಳು ಎಲ್ಲ ಕಡೆ ಸಿಗುತ್ತವೆ. ನಾನು ಹೇಳಬೇಕಾದದ್ದು ಬೇರೆ.

ನಾಲ್ಕು ವರ್ಷ ಒಂದು ತಕರಾರೂ ಇರಲಿಲ್ಲ. ಸಂಜೆ ಸುಸಲಾ, ಮಿರ್ಚಿ ತಿಂದು ಬಂದು ಕ್ಯಾಮೆರಾದ ಕಾರ್ಡುಗಳನ್ನು ಲ್ಯಾಪ್‌ಟಾಪಿಗೆ ಇಳಿಸುತ್ತೇನೆ. ಹತ್ತು ಗಂಟೆಗೆ ಫೈಲುಗಳನ್ನು ಎಡಗಡೆಯ ನನ್ನ ಲ್ಯಾಪ್‌ಟಾಪಿನಿಂದ ಬಲಗಡೆಯ ಹುಡುಗನ ಸರ್ವರಿಗೆ (ಫೈಲು ಪಡೆಯುವ ಕಂಪ್ಯೂಟರಿಗೆ) ಎಳೆದು ಬಿಟ್ಟು ಮಲಗುತ್ತೇನೆ. ಬೆಳಿಗ್ಗೆ ಎದ್ದ ಕೂಡಲೇ, ಮುಖ ತೊಳೆಯುವ ಮೊದಲೇ, ತಂತ್ರಾಂಶದ ಪರದೆಯ ಕೆಳಭಾಗದ ಮೂರು ಪಟ್ಟಿಗಳನ್ನು ನೋಡುತ್ತೇನೆ: ಸಾಲಿನಲ್ಲಿರುವವು, ಸೋತವು, ಗೆದ್ದವು. ಗೆದ್ದವುಗಳ ಎದುರಿನ ಅಂಕಿಯೂ ಕಾರ್ಡಿನಲ್ಲಿದ್ದ ಫೈಲುಗಳ ಅಂಕಿಯೂ ಒಂದೇ ಆಗಿದ್ದರೆ ಚಹಾಕ್ಕೆ ಇಡುತ್ತೇನೆ. ಕಾರ್ಡನ್ನು ಮಾತ್ರ ಅಳಿಸುವುದಿಲ್ಲ. "ತೆರೆದು ನೋಡಿದೆ ಅಣ್ಣಾ, ಎಲ್ಲ ಬಂದಿದೆ" ಎಂದು ಆ ಹುಡುಗ ಫೋನು ಮಾಡುವವರೆಗೆ ಅದು ಸ್ಟೀಲ್ ಡಬ್ಬಿಯಲ್ಲೇ ಇರುತ್ತದೆ.

ಆಮೇಲೆ ಹೊಸ ಕ್ಯಾಮೆರಾ ಕೊಂಡೆ. ಅದರಲ್ಲಿ ತೆಗೆದ ಮೊದಲ ಮದುವೆಯಲ್ಲಿ ಅಕ್ಷತೆಯ ಹೊತ್ತನ್ನು ಎಲ್ಲೂ ನಿಲ್ಲಿಸದೆ 22 ನಿಮಿಷ ತೆಗೆದಿದ್ದೆ. 17 ಜಿಬಿಯ ಒಂದೇ ಫೈಲು. ನನ್ನ ಸಂಪರ್ಕದಲ್ಲಿ ಸೆಕೆಂಡಿಗೆ 2.5 ಎಂಬಿ ಹೋಗುತ್ತದೆ, ಎರಡು ಗಂಟೆಗೆ ಸ್ವಲ್ಪ ಕಡಿಮೆ ಹಿಡಿಯುತ್ತದೆ. ಆ ರಾತ್ರಿ ಕುಳಿತೇ ನೋಡಿದೆ. ಎಷ್ಟು ಹೋಯಿತೆಂದು ತೋರಿಸುವ ಪಟ್ಟಿ ತುಂಬಿತು, 100 ಬಂತು, ಅಲ್ಲೇ ನಿಂತಿತು. 20 ಸೆಕೆಂಡು ಯಾವ ಚಟುವಟಿಕೆಯೂ ಇಲ್ಲ, ಸಂಪರ್ಕ ಕಡಿದಿದೆ ಎಂಬರ್ಥದ ಕೆಂಪು ಸಾಲು ಮೂಡಿತು. ಫೈಲು ಸೋತವರ ಪಟ್ಟಿಗೆ ಇಳಿಯಿತು.

ಅರ್ಧದಲ್ಲಿ ಕಡಿದಿದ್ದರೆ ಇಷ್ಟು ನೋವಾಗುತ್ತಿರಲಿಲ್ಲ. ಮತ್ತೆ ಕಳಿಸಿದೆ. 'ಮುಂದುವರಿಸು' ಎಂದು ಕೊಡಬಹುದಿತ್ತು, ಆದರೆ ನಂಬಿಕೆ ಹೋಗಿತ್ತು, ಹಳೆಯದನ್ನು ಅಳಿಸಿ ಮೊದಲಿನಿಂದ ಶುರು ಮಾಡಿದೆ. ಮತ್ತೆ ನೂರರಲ್ಲಿ ಸೋಲು. ಮೂರು ರಾತ್ರಿ ಹೀಗೇ ಹೋದವು. ನಾಲ್ಕನೆಯ ದಿನ ವಧುವಿನ ತಂದೆಯ ಫೋನು. "ತಮ್ಮಾ, ಮಗಳು ಪುಣೆಯಿಂದ ದಿನಾ ಕೇಳುತ್ತಿದ್ದಾಳೆ, ಏನು ಹೇಳಲಿ?" ನನಗೆ ಉತ್ತರ ಸಿಗಲಿಲ್ಲ. ಅಂದು ಈ ತಂತ್ರಾಂಶವನ್ನು ತೆಗೆದೇ ಹಾಕುವ ಸಿಟ್ಟಿನಲ್ಲಿದ್ದೆ.

ಬ್ರಾಡ್‌ಬ್ಯಾಂಡ್ ಕೊಟ್ಟವರನ್ನು ಕರೆಸಿದೆ. ಬಂದ ಹುಡುಗ ವೇಗ ಅಳೆದು, "ಸರ್, ಸ್ಪೀಡ್ ಸರಿಯಾಗಿ ಬರುತ್ತಿದೆಯಲ್ಲ" ಎಂದು ಹೋದ. ಸರಿಯಾಗಿಯೇ ಬರುತ್ತಿತ್ತು. ತೊಂದರೆ ವೇಗದಲ್ಲಿ ಇರಲೇ ಇಲ್ಲ.

ಅದು ಎಲ್ಲಿತ್ತು ಎಂದು ತಿಳಿಯಲು ನನಗೆ ಹದಿನೈದು ದಿನ ಬೇಕಾಯಿತು. ನಾನು ಬಳಸುತ್ತಿದ್ದ ಎಫ್‌ಟಿಪಿ 1971ರಲ್ಲಿ ಹುಟ್ಟಿದ, ಫೈಲು ಸಾಗಿಸುವ ಪದ್ಧತಿ. ಅದು ಏಕಕಾಲಕ್ಕೆ ಎರಡು ಸಂಪರ್ಕ ಇಟ್ಟುಕೊಳ್ಳುತ್ತದೆ, ಒಂದರಲ್ಲಿ ಮಾತು, ಇನ್ನೊಂದರಲ್ಲಿ ಸರಕು. ನಮ್ಮ ನೆಹರೂ ಗಂಜಿನಲ್ಲಿ ತೊಗರಿ ಲಾರಿಗೆ ಏರುವುದನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಹಮಾಲರು ಮೂಟೆ ಹೊರುತ್ತಿರುತ್ತಾರೆ. ಗುಮಾಸ್ತ ಚೀಟಿ ಹಿಡಿದು ಸುಮ್ಮನೆ ನಿಂತಿರುತ್ತಾನೆ. ಇವನಿಗೇನೂ ಕೆಲಸವಿಲ್ಲ ಎಂದು ಕಾವಲುಗಾರ ಗುಮಾಸ್ತನನ್ನು ಹೊರಗೆ ಕಳಿಸಿಬಿಟ್ಟರೆ ಕೊನೆಯ ಮೂಟೆ ಏರಿದ ಮೇಲೆ ಲೆಕ್ಕ ಮುಟ್ಟಿತೆಂದು ಹೇಳುವವರೇ ಇಲ್ಲ. ನನ್ನ ಮನೆಯ ರೂಟರ್ ಮಾಡುತ್ತಿದ್ದದ್ದು ಇದನ್ನೇ. ಮಾತಿನ ಸಂಪರ್ಕ ಬಹಳ ಹೊತ್ತು ಮೌನವಾಗಿದ್ದರೆ ಅದನ್ನು ತನ್ನ ನೆನಪಿನಿಂದ ಅಳಿಸುತ್ತಿತ್ತು. ಇಂಥ ಸಂಪರ್ಕವನ್ನು 2 ಗಂಟೆ 4 ನಿಮಿಷಕ್ಕಿಂತ ಮೊದಲು ಕಡಿಯಬಾರದು ಎಂದು 2008ರಲ್ಲಿ ಬಂದ ಇಂಟರ್‌ನೆಟ್ ನಿಯಮಗಳ ದಾಖಲೆ ಆರ್‌ಎಫ್‌ಸಿ 5382 ಸ್ಪಷ್ಟವಾಗಿ ಹೇಳುತ್ತದೆ. ಆ ಮಾತನ್ನು ಈ ರೂಟರ್ ಪಾಲಿಸಿದ್ದರೆ ನನ್ನ 17 ಜಿಬಿ ಸುಖವಾಗಿ ಮುಗಿಯುತ್ತಿತ್ತು.

ಹಾಗಾದರೆ ಮೊದಲ ನಾಲ್ಕು ವರ್ಷ ಏಕೆ ಏನೂ ಆಗಲಿಲ್ಲ? ಹಳೆಯ ಕ್ಯಾಮೆರಾದ ಕಾರ್ಡು ಎಫ್‌ಎಟಿ32 ಎಂಬ, ಫೈಲು ಜೋಡಿಸಿಡುವ ಹಳೆಯ ಕ್ರಮದ್ದು, ಅದರಲ್ಲಿ ಒಂದು ಫೈಲು 4 ಜಿಬಿ ಮೀರುವಂತಿಲ್ಲ. ಕ್ಯಾಮೆರಾ ತಾನಾಗಿಯೇ ತುಂಡು ಮಾಡುತ್ತಿತ್ತು, ಪ್ರತಿ ತುಂಡೂ ಅರ್ಧ ಗಂಟೆಯೊಳಗೆ ಮುಗಿಯುತ್ತಿತ್ತು, ಪ್ರತಿ ಸಲವೂ ಗುಮಾಸ್ತನಿಗೆ ಎರಡು ಮಾತು ಆಡುವ ಅವಕಾಶ ಸಿಗುತ್ತಿತ್ತು. ಹೊಸ ಕಾರ್ಡಿಗೆ ಆ ಮಿತಿ ಇಲ್ಲ. ಇದು ಹೊಳೆದ ದಿನ ನಾನು ಮಾಡಿದ ಮೊದಲ ಕೆಲಸ, ಸರ್ವರಿನಲ್ಲಿದ್ದ ಆ ಫೈಲಿನ ಬೈಟುಗಳನ್ನು ನನ್ನ ಫೈಲಿನ ಬೈಟುಗಳೊಂದಿಗೆ ಅಂಕಿಗೆ ಅಂಕಿ ಹೋಲಿಸಿ ನೋಡಿದ್ದು. ಒಂದೂ ಕಡಿಮೆ ಇರಲಿಲ್ಲ. ಹುಡುಗ ತೆರೆದು ನೋಡಿದ, ಅಕ್ಷತೆ ಪೂರ್ತಿ ಇತ್ತು. ಹಿಂದೆ ನಾನು ಅಳಿಸಿದ್ದೂ ಇಂಥ ಪೂರ್ತಿ ಫೈಲುಗಳನ್ನೇ ಇರಬೇಕು.

ಅಲ್ಲಿಂದ ಈ ತಂತ್ರಾಂಶದ ಮೇಲಿದ್ದ ಸಿಟ್ಟು ಇಳಿಯಿತು. ಸೆಟ್ಟಿಂಗ್ಸ್‌ನಲ್ಲಿ ಎಫ್‌ಟಿಪಿ ಸಂಪರ್ಕವನ್ನು ಜೀವಂತ ಇಡುವ ಆಜ್ಞೆಗಳನ್ನು ಕಳಿಸುವ ಆಯ್ಕೆಯೊಂದಿದೆ. ಅದಕ್ಕೆ ಟಿಕ್ ಹಾಕಿದೆ, ನನಗೆ ಉಪಯೋಗವಾಗಲಿಲ್ಲ. ಅದು ಇರುವುದು ಏನೂ ಕೆಲಸವಿಲ್ಲದೆ ಕುಳಿತ ಹೊತ್ತಿಗೆ, ಫೈಲು ಹರಿಯುತ್ತಿರುವ ಹೊತ್ತಿಗೆ ಅಲ್ಲ. ಉತ್ತರಕ್ಕೆ ಕಾಯುವ ಸಮಯದ ಮಿತಿಯನ್ನು 20 ಸೆಕೆಂಡಿನಿಂದ 600ಕ್ಕೆ ಏರಿಸಿದೆ, ಅದೇ ಸೋಲು ಹತ್ತು ನಿಮಿಷ ತಡವಾಗಿ ಬಂತು ಅಷ್ಟೇ.

ಕೊನೆಗೆ ಕೆಲಸಕ್ಕೆ ಬಂದದ್ದು ಎಸ್‌ಎಫ್‌ಟಿಪಿ. ಹೆಸರು ಒಂದೇ ರೀತಿ ಕೇಳಿಸಿದರೂ ಇದರ ಮನೆತನ ಬೇರೆ. ಇಲ್ಲಿ ಮಾತು, ಸರಕು ಎರಡೂ ಒಂದೇ ಸಂಪರ್ಕದಲ್ಲಿ ಹೋಗುತ್ತವೆ. ಫೈಲು ಹರಿಯುತ್ತಿರುವಷ್ಟು ಹೊತ್ತೂ ಅದು ಮೌನವಾಗುವುದಿಲ್ಲ, ರೂಟರ್‌ಗೆ ಕಡಿಯಲು ಕಾರಣ ಸಿಗುವುದಿಲ್ಲ. ಪಾಸ್‌ವರ್ಡ್ ಕೂಡ ಬಯಲಲ್ಲಿ ಹೋಗುವುದಿಲ್ಲ. ಹುಡುಗ ತನ್ನ ಕಡೆ ಅದನ್ನು ಚಾಲೂ ಮಾಡಿದ, ನಾನು ಸರ್ವರುಗಳ ವಿವರ ಇಡುವ ಸೈಟ್ ಮ್ಯಾನೇಜರಿನಲ್ಲಿ ಪದ್ಧತಿ ಬದಲಿಸಿದೆ. ಎರಡು ನಿಮಿಷದ ಕೆಲಸ. ಅಂದಿನಿಂದ ಎರಡು ವರ್ಷ ಆಯಿತು, ನೂರರಲ್ಲಿ ಒಮ್ಮೆಯೂ ಸೋತಿಲ್ಲ.

ಎದುರಿನವರ ಸರ್ವರಿನಲ್ಲಿ ಬರೀ ಎಫ್‌ಟಿಪಿ ಇದ್ದರೆ ಫೈಲನ್ನು, ಫೈಲು ಕಟ್ಟುವ ತಂತ್ರಾಂಶವಾದ 7-ಝಿಪ್‌ನಲ್ಲಿ 4 ಜಿಬಿಯ ತುಂಡುಗಳಾಗಿ ಮಾಡಿ ಕಳಿಸಿ. ವಿಡಿಯೊ ಹೇಗೂ ಕುಗ್ಗುವುದಿಲ್ಲ, ಆದ್ದರಿಂದ ಕುಗ್ಗಿಸದೆ ಬರೀ ಕಟ್ಟುವ ಆಯ್ಕೆ ಇಟ್ಟುಕೊಳ್ಳಿ, ಸಮಯ ಉಳಿಯುತ್ತದೆ.

ಕರೆಂಟಿನ ತಾಪತ್ರಯ ಇದ್ದೇ ಇದೆ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ಮದುವೆಗಳೂ ಆಗಲೇ. ನಡುರಾತ್ರಿ ಕರೆಂಟು ಹೋದರೆ ಲ್ಯಾಪ್‌ಟಾಪು ಬ್ಯಾಟರಿಯಲ್ಲಿ ಉಳಿಯುತ್ತದೆ, ರೂಟರ್ ಸಾಯುತ್ತದೆ. ಆಗ ಬೆಳಿಗ್ಗೆ ಸೋತವರ ಪಟ್ಟಿಯ ಮೇಲೆ ಮೌಸಿನ ಬಲ ಗುಂಡಿ ಒತ್ತಿ ಮತ್ತೆ ಸಾಲಿಗೆ ಸೇರಿಸುತ್ತೇನೆ, 'ಮುಂದುವರಿಸು' ಎನ್ನುತ್ತೇನೆ. 11 ಜಿಬಿ ಹೋಗಿದ್ದರೆ ಎಣಿಕೆ 11ರಿಂದಲೇ ಏಳುತ್ತದೆ. ಆ ಪಟ್ಟಿ ಸೊನ್ನೆಯಿಂದ ಹೊರಡದೆ ನಡುವಿನಿಂದ ಹೊರಡುವುದನ್ನು ನೋಡುವುದು ಇಂದಿಗೂ ನನಗೆ ಸಂತೋಷ.

ಈ ಭಾನುವಾರ ಸೇಡಂನಲ್ಲಿ ಮದುವೆ ಇತ್ತು. 41 ಜಿಬಿ, ರಾತ್ರಿ ಹತ್ತಕ್ಕೆ ಬಿಟ್ಟೆ, ನಸುಕಿನ ಮೂರರ ಒಳಗೆ ಮುಗಿದಿದೆ. ಗೆದ್ದವರ ಪಟ್ಟಿಯಲ್ಲಿ 9, ಕಾರ್ಡಿನಲ್ಲೂ 9. ಕಾರ್ಡು ಸ್ಟೀಲ್ ಡಬ್ಬಿಯಲ್ಲಿದೆ. ಹುಡುಗನ ಫೋನು ಇನ್ನೂ ಬಂದಿಲ್ಲ.